ಸೊರಬದಲ್ಲಿ ಗೆಲ್ಲುತ್ತಾ ಬಂದಿದ್ದು ಪಕ್ಷವೋ, ಹೆಸರೋ? 1967ರಿಂದ 2023ರವರೆಗೆ

ಆನವಟ್ಟಿ ಹುಡುಗ:
ಆಫೀಸಿನಲ್ಲಿ ಚುನಾವಣೆ ಮಾತು ಬಂದಾಗ ಒಬ್ಬರು ಕೇಳಿದರು, "ನಿಮ್ಮ ಸೊರಬ ಯಾವ ಪಕ್ಷದ ಭದ್ರಕೋಟೆ?" ಅಂತ. ಪಕ್ಕದ ಶಿಕಾರಿಪುರದವರಾದರೆ ತಕ್ಷಣ ಹೇಳಿಬಿಡುತ್ತಾರೆ. ನಮ್ಮದಕ್ಕೆ ಒಂದೇ ಪಕ್ಷದ ಹೆಸರು ಹೇಳೋಕೆ ಆಗುವುದಿಲ್ಲ. 1967ರಿಂದ 1994ರವರೆಗೆ ಏಳು ಸಾರ್ವತ್ರಿಕ ಚುನಾವಣೆ, ಏಳರಲ್ಲೂ ಗೆದ್ದಿದ್ದು ಎಸ್. ಬಂಗಾರಪ್ಪ. ಆದರೆ ಸಮಾಜವಾದಿ, ಕಾಂಗ್ರೆಸ್, ಜನತಾ, ಮತ್ತೆ ಕಾಂಗ್ರೆಸ್, ಕೊನೆಗೆ ಸ್ವಂತ ಪಕ್ಷ. ಚಿಹ್ನೆ ಬದಲಾದ ಹಾಗೆಲ್ಲ ಮತದಾರರೂ ಅವರ ಹಿಂದೆಯೇ ಹೋದರು.

ಹೀಗಾಗಿ ನನ್ನ ಲೆಕ್ಕದಲ್ಲಿ ಸೊರಬ ಪಕ್ಷದ ಕ್ಷೇತ್ರವೇ ಅಲ್ಲ, ಹೆಸರಿನ ಕ್ಷೇತ್ರ. ಒಪ್ಪದವರು ಇದ್ದರೆ ಕಾರಣ ಬರೆಯಿರಿ. ಸುಮ್ನೆ ಬೈಯಬೇಡಿ.

ಅಂಕಿಪ್ರಿಯ:
ಚರ್ಚೆಗೆ ಮೊದಲು ಪಟ್ಟಿ ಒಂದು ಕಡೆ ಇರಲಿ.

1967 ಮತ್ತು 1972: ಬಂಗಾರಪ್ಪ, ಸಮಾಜವಾದಿ ಬಣ
1978: ಬಂಗಾರಪ್ಪ, ಇಂದಿರಾ ಕಾಂಗ್ರೆಸ್
1983: ಬಂಗಾರಪ್ಪ, ಜನತಾ ಪಕ್ಷ ಮತ್ತು ಕ್ರಾಂತಿರಂಗದ ಮೈತ್ರಿ
1985, 1989: ಬಂಗಾರಪ್ಪ, ಕಾಂಗ್ರೆಸ್
1994: ಬಂಗಾರಪ್ಪ, ಕರ್ನಾಟಕ ಕಾಂಗ್ರೆಸ್ ಪಕ್ಷ (ಕೆಸಿಪಿ)
1996 ಉಪಚುನಾವಣೆ: ಕುಮಾರ್ ಬಂಗಾರಪ್ಪ, ಕೆಸಿಪಿ
1999, 2004: ಕುಮಾರ್ ಬಂಗಾರಪ್ಪ, ಕಾಂಗ್ರೆಸ್
2008: ಹರತಾಳು ಹಾಲಪ್ಪ, ಬಿಜೆಪಿ
2013: ಮಧು ಬಂಗಾರಪ್ಪ, ಜೆಡಿಎಸ್
2018: ಕುಮಾರ್ ಬಂಗಾರಪ್ಪ, ಬಿಜೆಪಿ
2023: ಮಧು ಬಂಗಾರಪ್ಪ, ಕಾಂಗ್ರೆಸ್

ಅರ್ಧ ಶತಮಾನಕ್ಕೂ ಜಾಸ್ತಿ ಕಾಲದಲ್ಲಿ ಆ ಮನೆಯವರಲ್ಲದವರು ಗೆದ್ದಿದ್ದು ಒಂದೇ ಸಲ, 2008ರಲ್ಲಿ.

ಚಂದ್ರಗುತ್ತಿ ಎಕ್ಸ್‌ಪ್ರೆಸ್:
ಸೋಲಿಲ್ಲದ ಸರದಾರ!! 🔥🔥

ಅಂಕಿಪ್ರಿಯ:
@ಚಂದ್ರಗುತ್ತಿ ಎಕ್ಸ್‌ಪ್ರೆಸ್, ಆ ಬಿರುದು ಸೊರಬದ ಗಡಿಯೊಳಗೆ ಮಾತ್ರ ಸರಿ. 1998ರ ಲೋಕಸಭೆಯಲ್ಲಿ ಶಿವಮೊಗ್ಗದಲ್ಲಿ ಆಯನೂರು ಮಂಜುನಾಥ್ ಎದುರು ಸೋತರು. 2008ರಲ್ಲಿ ಶಿಕಾರಿಪುರಕ್ಕೆ ಹೋಗಿ ಯಡಿಯೂರಪ್ಪ ಎದುರು ಸೋತರು. 2009ರ ಲೋಕಸಭೆಯಲ್ಲಿ ಬಿ.ವೈ. ರಾಘವೇಂದ್ರ ಎದುರು ಸೋತರು. ಸೊರಬದಲ್ಲಿ ಮಾತ್ರ ಶಾಸಕ ಸ್ಥಾನಕ್ಕೆ ನಿಂತಾಗ ಅವರನ್ನು ಯಾರೂ ಅಲ್ಲಾಡಿಸಲಿಲ್ಲ, ನಿಜ.

ಚಂದ್ರಗುತ್ತಿ ಎಕ್ಸ್‌ಪ್ರೆಸ್:
ಸರ್, ಸಂಭ್ರಮ ಪಡೋಕೂ ಬಿಡಲ್ವಲ್ಲ ನೀವು 😄

ಕೊಳಗ:
ಹುಡುಗರು ಎಲ್ಲರೂ ಮನೆತನದಿಂದ ಕತೆ ಶುರು ಮಾಡುತ್ತೀರಿ. 1967ರಲ್ಲಿ ಯಾವ ಮನೆತನ ಇತ್ತು ಮಾರಾಯ್ರೇ? ಕುಬಟೂರಿನ ಒಬ್ಬ ರೈತರ ಮನೆಯ ಹುಡುಗ, ಕಾನೂನು ಓದಿದವರು, ಸಮಾಜವಾದಿ ಬಾವುಟ ಹಿಡಿದವರು. ಅಷ್ಟೇ. ಆಗ ಕಾಂಗ್ರೆಸ್ ಅಂದರೆ ಊರಿನ ಒಡೆಯರ ಪಕ್ಷ ಅನ್ನುವ ಭಾವನೆ ನಮ್ಮ ಕಡೆ ಗಟ್ಟಿಯಾಗಿತ್ತು. ಅದಕ್ಕೆ ಕಾರಣ ಇತ್ತು.

ಈ ಸೀಮೆಯ ಹಳೇ ರಾಜಕೀಯವೆಲ್ಲ ಗೇಣಿಯ ರಾಜಕೀಯ. ಗೇಣಿ ಅಂದರೆ ಒಡೆಯರ ಗದ್ದೆ ಉತ್ತವರು ಅವರಿಗೆ ಅಳೆದುಕೊಡಬೇಕಾದ ಬೆಳೆಯ ಪಾಲು. 1951ರಲ್ಲಿ ಸಾಗರದ ಹತ್ತಿರ ಕಾಗೋಡಿನಲ್ಲಿ ಸತ್ಯಾಗ್ರಹ ಆಯಿತಲ್ಲ, ಅದರ ಬುಡದಲ್ಲಿದ್ದುದು ಭತ್ತ ಅಳೆಯುವ ಕೊಳಗ. ಗೇಣಿ ಅಳೆಸಿಕೊಳ್ಳುವಾಗ ಒಡೆಯರ ಮನೆಯ ಕೊಳಗ ದೊಡ್ಡದು. ವರ್ಷವಿಡೀ ದುಡಿದ ದೀವರ ರೈತ ಕಣದಲ್ಲಿ ನಿಂತು, ತನ್ನ ಭತ್ತ ಆ ಕೊಳಗದಲ್ಲಿ ಕರಗುವುದನ್ನು ನೋಡಬೇಕು. ಕೇಳುವ ಹಾಗಿಲ್ಲ. ಎಚ್. ಗಣಪತಿಯಪ್ಪನವರು ಆ ಗೇಣಿದಾರರನ್ನು ಒಟ್ಟು ಮಾಡಿದರು. ಶಾಂತವೇರಿ ಗೋಪಾಲಗೌಡರು ನಿಂತರು. ರಾಮಮನೋಹರ ಲೋಹಿಯಾ ಅಷ್ಟು ದೂರದಿಂದ ಬಂದು ಬಂಧನಕ್ಕೊಳಗಾದರು. ಮರುವರ್ಷವೇ, 1952ರಲ್ಲಿ, ಗೋಪಾಲಗೌಡರು ಶಾಸಕರಾದರು.

ಬಂಗಾರಪ್ಪ ಬಂದಿದ್ದು ಆ ಸಾಲಿನಿಂದ. ಅವರೂ ದೀವರ ಸಮುದಾಯದವರೇ. ಮುಂದೆ 1974ರಲ್ಲಿ ದೇವರಾಜ ಅರಸರ ಭೂಸುಧಾರಣೆ ಬಂತು. ತಾಲ್ಲೂಕು ಕಚೇರಿ ಮುಂದೆ ಡಿಕ್ಲರೇಷನ್ ಕೊಡಲು ಜನ ಸಾಲುಗಟ್ಟಿದರು. ಕಾನೂನು ಇದ್ದರೆ ಸಾಲದು, ಏಳನೇ ನಂಬರ್ ಫಾರಂ ತುಂಬಿಸಬೇಕು, ಭೂ ನ್ಯಾಯಮಂಡಳಿ ಮುಂದೆ "ಈ ಗದ್ದೆ ನಾನೇ ಉತ್ತಿದ್ದು" ಅಂತ ಹೇಳುವ ಧೈರ್ಯ ಬೇಕು. ಒಡೆಯರ ಕಣ್ಣ ಮುಂದೆ ಹಾಗೆ ಹೇಳಬೇಕಾದರೆ ಬೆನ್ನ ಹಿಂದೆ ಯಾರಾದರೂ ಇದ್ದಾರೆ ಅನ್ನಿಸಬೇಕು. ಆ "ಯಾರಾದರೂ" ಆಗಿದ್ದವರಿಗೆ ಜನ ಮುಂದೆ ಇಪ್ಪತ್ತು ವರ್ಷ ಚಿಹ್ನೆ ನೋಡದೆ ಮತ ಹಾಕಿದರು. ನೀವು ಹೆಸರು ಅನ್ನುವುದು ಇದನ್ನೇ. ಆದರೆ ಆ ಹೆಸರು ಸುಮ್ನೆ ಬಂದಿದ್ದಲ್ಲ.

ಆನವಟ್ಟಿ ಹುಡುಗ:
@ಕೊಳಗ ಅಣ್ಣ, ಈಗ ನಿಮ್ಮ ಬಳಕೆದಾರ ಹೆಸರಿನ ಗುಟ್ಟು ಗೊತ್ತಾಯಿತು.

ಸಾಗರದ ಸೊಸೆ:
ಕೊಳಗ ಅವರ ಮಾತು ಚೆನ್ನಾಗಿದೆ, ಆದರೆ ನನಗೊಂದು ತಕರಾರು. ಗೇಣಿ, ಭೂಸುಧಾರಣೆ, ದೀವರ ಮತ, ಇವೆಲ್ಲ ನಮ್ಮ ಸಾಗರದಲ್ಲೂ ಇದ್ದವು. ಸತ್ಯಾಗ್ರಹ ನಡೆದ ಕಾಗೋಡು ಇರುವುದೇ ಸಾಗರ ತಾಲ್ಲೂಕಿನಲ್ಲಿ. ಆ ಊರಿನ ಹೆಸರನ್ನೇ ಹೊತ್ತ ಕಾಗೋಡು ತಿಮ್ಮಪ್ಪನವರು ಅದೇ ಸಮುದಾಯದವರು, ಅದೇ ಸಮಾಜವಾದಿ ಹಿನ್ನೆಲೆಯವರು. ಆದರೆ ಅವರ ದಾರಿ ನೋಡಿ. 1989, 1994, 1999ರಲ್ಲಿ ಗೆದ್ದರು. 2004, 2008ರಲ್ಲಿ ಸೋತರು, ಅದೂ ಸ್ವಂತ ಸಂಬಂಧಿ ಬೇಳೂರು ಗೋಪಾಲಕೃಷ್ಣ ಎದುರು. 2013ರಲ್ಲಿ ಗೆದ್ದರು, 2018ರಲ್ಲಿ ಮತ್ತೆ ಸೋತರು. ಬೇಲಿಯಾಚೆ ಅದೇ ಮಣ್ಣು, ಅದೇ ಜನ. ಫಲಿತಾಂಶ ಮಾತ್ರ ಬೇರೆ. ಹಾಗಿದ್ದ ಮೇಲೆ ಭೂಮಿಯೊಂದೇ ಕಾರಣ ಅಂತ ಹೇಗೆ ಹೇಳುತ್ತೀರಿ?

ಕೊಳಗ:
@ಸಾಗರದ ಸೊಸೆ, ಒಳ್ಳೇ ಪ್ರಶ್ನೆ ತಾಯಿ. ಸಾಗರದಲ್ಲಿ ಎದುರಾಳಿಗಳು ಯಾವತ್ತೂ ಗಟ್ಟಿಯಾಗಿದ್ದರು. ಸೊರಬದಲ್ಲಿ ಬಂಗಾರಪ್ಪನವರಿಗೆ ಸಮನಾಗಿ ನಿಲ್ಲುವ ನಾಯಕ ಎದುರು ಪಾಳಯದಲ್ಲಿ ಬಹಳ ಕಾಲ ಬೆಳೆಯಲೇ ಇಲ್ಲ. ಎರಡನೇದು, ಕಾಗೋಡು ತಿಮ್ಮಪ್ಪ ಶಿಸ್ತಿನ ಮನುಷ್ಯ, ನಿಯಮದ ಮನುಷ್ಯ. ಬಂಗಾರಪ್ಪ ಹಾಗಲ್ಲ. ಡೊಳ್ಳು ಕಂಡರೆ ಬಾರಿಸುತ್ತಿದ್ದರು, ಶಾಸ್ತ್ರೀಯ ಸಂಗೀತ ಹಾಡುತ್ತಿದ್ದರು, ಬ್ಯಾಡ್ಮಿಂಟನ್ ಆಡುತ್ತಿದ್ದರು. ಬಂದವರ ಹೆಗಲ ಮೇಲೆ ಕೈ ಹಾಕಿ ಮಾತಾಡಿಸುವ ಗತ್ತೇ ಬೇರೆ. ಇದನ್ನು ಯಾವ ಅಂಕಿ ಅಂಶದಲ್ಲಿ ಹಾಕುತ್ತೀರಿ?

ಅಂಕಿಪ್ರಿಯ:
ಅಂಕಿಯಲ್ಲೇ ಸ್ವಲ್ಪ ಮಟ್ಟಿಗೆ ಹಾಕಬಹುದು. ಕ್ಷೇತ್ರದ ಫಲಿತಾಂಶವನ್ನು ರಾಜ್ಯದ ಅಲೆಯ ಪಕ್ಕ ಇಟ್ಟು ನೋಡಿ. ಅಲೆಯ ಜೊತೆ ಗೆದ್ದವರು ಯಾರು, ಅಲೆಗೆ ಎದುರಾಗಿ ಗೆದ್ದವರು ಯಾರು ಅಂತ ಗೊತ್ತಾಗುತ್ತದೆ.

1972ರಲ್ಲಿ ಇಂದಿರಾ ಅಲೆ. 216 ಸ್ಥಾನಗಳಲ್ಲಿ ಕಾಂಗ್ರೆಸ್‌ಗೆ 165. ಸೊರಬ ಸಮಾಜವಾದಿ ಕಡೆ. 1985ರಲ್ಲಿ ಹೆಗಡೆ ಅಲೆ, ಜನತಾ ಪಕ್ಷಕ್ಕೆ 139. ಸೊರಬ ಕಾಂಗ್ರೆಸ್ ಕಡೆ. 1994ರಲ್ಲಿ ದೇವೇಗೌಡರ ಜನತಾದಳಕ್ಕೆ 115, ಬಂಗಾರಪ್ಪನವರ ಕೆಸಿಪಿಗೆ ರಾಜ್ಯದಲ್ಲೆಲ್ಲ ಸೇರಿ 10. ಆ ಹತ್ತರಲ್ಲಿ ಸೊರಬ ಒಂದು.

ಅಂದರೆ ಏಳು ಗೆಲುವಿನಲ್ಲಿ ಮೂರು ಗಾಳಿಗೆ ಎದುರಾಗಿ ಬಂದವು. ಇದು ಪಕ್ಷದ ಮತ ಆಗಿದ್ದರೆ ಸಾಧ್ಯವೇ ಇರಲಿಲ್ಲ.

ವರದಾ ತೀರ:
1983 ಯಾಕೆ ಯಾರೂ ಮುಟ್ಟುತ್ತಿಲ್ಲ? ನಮ್ಮ ಅಪ್ಪನ ತಲೆಮಾರಿನವರಿಗೆ ಇವತ್ತಿಗೂ ಹೊಟ್ಟೆ ಉರಿಯುವ ವಿಷಯ ಅದು.

ಅರಸರು 1982ರಲ್ಲಿ ತೀರಿಕೊಂಡರು. ಅವರು ಕಟ್ಟಿದ್ದ ಕ್ರಾಂತಿರಂಗ ಪಕ್ಷದ ಹೊಣೆ ಬಂಗಾರಪ್ಪನವರ ಮೇಲೆ ಬಂತು. ಜನತಾ ಪಕ್ಷದ ಜೊತೆ ಸೇರಿ ಚುನಾವಣೆ ಎದುರಿಸಿದರು. ಕರ್ನಾಟಕದಲ್ಲಿ ಮೊದಲ ಸಲ ಕಾಂಗ್ರೆಸ್ ಸೋತಿತು. ಸೊರಬದಲ್ಲಿ ಎಲ್ಲರೂ ನಮ್ಮವರೇ ಮುಖ್ಯಮಂತ್ರಿ ಅಂದುಕೊಂಡಿದ್ದರು. ಆದರೆ ಜನವರಿ 10ಕ್ಕೆ ಪ್ರಮಾಣವಚನ ತೆಗೆದುಕೊಂಡಿದ್ದು ರಾಮಕೃಷ್ಣ ಹೆಗಡೆ. ಅವರು ಆಗ ಶಾಸಕರೂ ಅಲ್ಲ, ಆಮೇಲೆ ಕನಕಪುರದ ಉಪಚುನಾವಣೆಯಲ್ಲಿ ಗೆದ್ದು ಬಂದರು. ಎರಡೇ ವರ್ಷದಲ್ಲಿ ಬಂಗಾರಪ್ಪ ಕಾಂಗ್ರೆಸ್ಸಿಗೆ ವಾಪಸ್, ವಿರೋಧ ಪಕ್ಷದ ನಾಯಕ.

ಬೇರೆ ಊರಿನವರು ಇದನ್ನು ಪಕ್ಷಾಂತರ ಅನ್ನುತ್ತಾರೆ. ಸೊರಬದವರಿಗೆ ಅದು "ನಮ್ಮವರಿಗೆ ಆದ ಮೋಸ". 1985ರಲ್ಲಿ ಅಷ್ಟು ದೊಡ್ಡ ಹೆಗಡೆ ಅಲೆ ಇಲ್ಲಿ ಬಡಿಯದೇ ಹೋಗಿದ್ದಕ್ಕೆ ನನಗಂತೂ ಇದೇ ಕಾರಣ ಅನ್ನಿಸುತ್ತದೆ.

ಗಲ್ಫ್ ಮಲೆನಾಡಿಗ:
1990ರಿಂದ 92ರ ಕಾಲ ಮರೆಯಬೇಡಿ. ಅಕ್ಟೋಬರ್ 1990ರಲ್ಲಿ ಮುಖ್ಯಮಂತ್ರಿ ಆದರು, ನವೆಂಬರ್ 1992ರಲ್ಲಿ ಕುರ್ಚಿ ಬಿಡಬೇಕಾಯಿತು. ಎರಡೇ ವರ್ಷ. ಆದರೆ ಆಶ್ರಯ ಮನೆ, ಗುಡಿಗಳಿಗೆ ಆರಾಧನಾ, ಕುಶಲಕರ್ಮಿಗಳಿಗೆ ವಿಶ್ವ, 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಉಚಿತ ಕರೆಂಟ್, ಕೆಲಸದ ಆಯ್ಕೆಯಲ್ಲಿ ಹಳ್ಳಿ ಮಕ್ಕಳಿಗೆ ಗ್ರಾಮೀಣ ಕೃಪಾಂಕ. ನಮ್ಮ ಊರಲ್ಲಿ ಆ ಕೃಪಾಂಕದಿಂದ ಸರ್ಕಾರಿ ಕೆಲಸಕ್ಕೆ ಸೇರಿದವರು ಇದ್ದಾರೆ. ಅವರ ಮನೆಯಲ್ಲಿ ಇವತ್ತಿಗೂ ಬಂಗಾರಪ್ಪನವರ ಫೋಟೋ ಇದೆ. ಗುಡಿಗೆ ಬಂದ ಆರಾಧನಾ ಹಣ ಚಿಕ್ಕದು, ಆದರೆ ಊರಿನ ಚೌಡಿ ಗುಡಿಗೂ ಭೂತಪ್ಪನ ಕಟ್ಟೆಗೂ ಸರ್ಕಾರ ದುಡ್ಡು ಕೊಡುತ್ತದೆ ಅನ್ನುವುದೇ ಆಗ ಹೊಸ ವಿಷಯ.

ಜಡೆ ಜಂಕ್ಷನ್:
ಒಪ್ಪಿದೆ. ಆದರೆ ಈ ಹೊಗಳಿಕೆ ನಡುವೆ ಒಂದು ಮಾತು. ಅಷ್ಟು ವರ್ಷ ಒಬ್ಬರೇ ಶಾಸಕರು, ಅವರೇ ಮಂತ್ರಿ, ಅವರೇ ಮುಖ್ಯಮಂತ್ರಿ. ಆದರೂ ಬೇಸಿಗೆ ಬಂದರೆ ಕೆರೆ ಒಣಗುತ್ತಿತ್ತು. ವರದಾ, ದಂಡಾವತಿ ಎರಡೂ ತಾಲ್ಲೂಕಿನೊಳಗೆ ಹರಿಯುತ್ತವೆ, ಗದ್ದೆಗೆ ನೀರಿಲ್ಲ. ಮೂಡಿ, ಮೂಗೂರು, ಕಚವಿ ಏತ ನೀರಾವರಿ ಬಗ್ಗೆ ಗಟ್ಟಿಯಾಗಿ ಮಾತು ಶುರುವಾಗಿದ್ದೇ ಮಕ್ಕಳ ಕಾಲದಲ್ಲಿ. ಪ್ರೀತಿಯಿಂದ ಮತ ಹಾಕಿದ ಜನ ಲೆಕ್ಕ ಕೇಳಲಿಲ್ಲ. ಅಲೆಗೆ ಎದುರಾಗಿ ಗೆದ್ದರು ಅನ್ನುವುದು ನಾಯಕರಿಗೆ ಹೆಮ್ಮೆ, ಕ್ಷೇತ್ರಕ್ಕೆ ಅದರಿಂದ ಏನು ಸಿಕ್ಕಿತು ಅನ್ನುವುದು ಬೇರೆ ಪ್ರಶ್ನೆ.

ಚಂದ್ರಗುತ್ತಿ ಎಕ್ಸ್‌ಪ್ರೆಸ್:
@ಜಡೆ ಜಂಕ್ಷನ್, ನೀವು ಯಾವ ಪಾರ್ಟಿ ಅಂತ ಗೊತ್ತಾಯ್ತು ಬಿಡಿ

ಜಡೆ ಜಂಕ್ಷನ್:
ನೀರಿನ ಪಾರ್ಟಿ.

ನಿರ್ವಾಹಕ:
ಪಕ್ಷ ಪತ್ತೆ ಮಾಡುವ ಕೆಲಸ ಇಲ್ಲಿ ಬೇಡ. ವಿಷಯಕ್ಕೆ ಬನ್ನಿ.

ಆನವಟ್ಟಿ ಹುಡುಗ:
ಸರಿ, ಈಗ ನನ್ನ ವಾದದ ಕಷ್ಟದ ಭಾಗಕ್ಕೆ ಬರುತ್ತೇನೆ. 2004ರಲ್ಲಿ ಹೆಸರು ಎರಡು ಹೋಳಾಯಿತು. ಬಂಗಾರಪ್ಪ ಬಿಜೆಪಿಗೆ ಹೋದರು, ಶಿವಮೊಗ್ಗ ಲೋಕಸಭೆ ಗೆದ್ದರು. ಚಿಕ್ಕ ಮಗ ಮಧು ಸೊರಬದಲ್ಲಿ ಕಮಲದ ಅಭ್ಯರ್ಥಿ. ದೊಡ್ಡ ಮಗ ಕುಮಾರ್ ಕಾಂಗ್ರೆಸ್‌ನಲ್ಲೇ ಉಳಿದರು. ಅಪ್ಪ ಒಂದು ಕಡೆ, ಅಣ್ಣ ಒಂದು ಕಡೆ. ಗೆದ್ದಿದ್ದು ಕುಮಾರ್. ಅಂದರೆ ಅದೇ ವರ್ಷ ಲೋಕಸಭೆಗೆ ಗೆದ್ದ ಅಪ್ಪ ನಿಂತ ಕಡೆಗೆ ಸೊರಬದ ವಿಧಾನಸಭೆ ಮತ ಹೋಗಲಿಲ್ಲ!

2008ರಲ್ಲಿ ಅದು ಇನ್ನೂ ಗೋಜಲು. ಬಂಗಾರಪ್ಪ ಅಷ್ಟೊತ್ತಿಗೆ ಸಮಾಜವಾದಿ ಪಕ್ಷದಲ್ಲಿದ್ದರು. ಶಿಕಾರಿಪುರದಲ್ಲಿ ಯಡಿಯೂರಪ್ಪ ಎದುರು ಅವರಿಗೆ ಕಾಂಗ್ರೆಸ್, ಜೆಡಿಎಸ್ ಎರಡರ ಬೆಂಬಲ. ಅದೇ ದಿನಗಳಲ್ಲಿ ಸೊರಬದಲ್ಲಿ ಮಧು ಸೈಕಲ್, ಕುಮಾರ್ ಕೈ. ಪಕ್ಕದ ತಾಲ್ಲೂಕಿನಲ್ಲಿ ಅಪ್ಪನಿಗೆ ಬೆಂಬಲ ಕೊಟ್ಟ ಪಕ್ಷ, ಇಲ್ಲಿ ಅಪ್ಪನ ಅಭ್ಯರ್ಥಿಗೆ ಎದುರಾಳಿ. ನಡುವೆ ಹಾಲಪ್ಪ ಆರಾಮಾಗಿ ಗೆದ್ದರು. ಅಣ್ಣ ತಮ್ಮಂದಿರ ಮತ ಕೂಡಿಸಿದರೆ ಹಾಲಪ್ಪನವರ ಮತಕ್ಕಿಂತ ಜಾಸ್ತಿ. ಒಗ್ಗಟ್ಟಾಗಿದ್ದಿದ್ದರೆ ಸೋಲೇ ಇರುತ್ತಿರಲಿಲ್ಲ.

ಅಂಕಿಪ್ರಿಯ:
ಈ ಕೂಡಿಸುವ ಲೆಕ್ಕ ಪ್ರತಿ ಚುನಾವಣೆಯಲ್ಲೂ ಬರುತ್ತದೆ, ಪ್ರತಿ ಸಲವೂ ನನಗೆ ಸಿಟ್ಟು ಬರುತ್ತದೆ. ಕುಮಾರ್‌ಗೆ ಬಂದಿದ್ದರಲ್ಲಿ ಕಾಂಗ್ರೆಸ್ ಅಂತಲೇ ಹಾಕಿದ ಮತ ಎಷ್ಟು? ಮಧುಗೆ ಬಂದಿದ್ದರಲ್ಲಿ ಕಾಂಗ್ರೆಸ್ ಬೇಡ ಅಂತ ಹಾಕಿದ್ದು ಎಷ್ಟು? ಒಬ್ಬರು ಕಣದಲ್ಲಿ ಇಲ್ಲದಿದ್ದರೆ ಅವರ ಮತ ಪೂರ್ತಿ ಇನ್ನೊಬ್ಬರಿಗೆ ಹೋಗುತ್ತಿತ್ತು ಅನ್ನೋಕೆ ಯಾವ ಆಧಾರ? ಒಂದು ಪಾಲು ಹಾಲಪ್ಪನವರಿಗೇ ಹೋಗಬಹುದಿತ್ತು. ಅವರೂ ಅದೇ ಸಮುದಾಯದವರು ಅನ್ನುವುದನ್ನು ಮರೆಯಬೇಡಿ.

ಹಾಲಪ್ಪ ಸೊರಬಕ್ಕೆ ಬಂದ ಕಾರಣವೂ ಗಮನಿಸಿ. 2004ರಲ್ಲಿ ಅವರು ಹೊಸನಗರದ ಶಾಸಕರು. ಕ್ಷೇತ್ರ ಮರುವಿಂಗಡಣೆಯಲ್ಲಿ ಹೊಸನಗರ ಕ್ಷೇತ್ರವೇ ಇಲ್ಲವಾಯಿತು. ಸ್ವಂತ ಕ್ಷೇತ್ರ ಕಳೆದುಕೊಂಡವರಿಗೆ ಸೊರಬದಲ್ಲಿ ಜಾಗ ಖಾಲಿ ಕಂಡಿತು. ಆಮೇಲೆ 2018ರಲ್ಲಿ ಸಾಗರಕ್ಕೆ ಹೋಗಿ ಅಲ್ಲೂ ಗೆದ್ದರು. ಮೂರು ಕ್ಷೇತ್ರದಲ್ಲಿ ಗೆದ್ದವರನ್ನು ಬರೀ ಅಣ್ಣ ತಮ್ಮಂದಿರ ಜಗಳದ ಫಲ ಅನ್ನುವುದು ಅನ್ಯಾಯ.

ಸಾಗರದ ಸೊಸೆ:
ನನಗೆ ಮಜಾ ಅನ್ನಿಸುವುದು ಬೇರೆ. 2004 ಮತ್ತು 2023 ಪಕ್ಕ ಪಕ್ಕ ಇಟ್ಟು ನೋಡಿ.

2004ರಲ್ಲಿ ಕುಮಾರ್ ಕೈ, ಮಧು ಕಮಲ.
2023ರಲ್ಲಿ ಮಧು ಕೈ, ಕುಮಾರ್ ಕಮಲ.

ಅದೇ ಇಬ್ಬರು, ಅದೇ ಎರಡು ಚಿಹ್ನೆ, ಪೂರ್ತಿ ಅದಲು ಬದಲು. ಎರಡು ಸಲವೂ ಗೆದ್ದಿದ್ದು ಕೈ. ಈಗ ಹೇಳಿ, ಪಕ್ಷಕ್ಕೆ ಬೆಲೆ ಇಲ್ಲ ಅಂತೀರಾ?

ಆನವಟ್ಟಿ ಹುಡುಗ:
2018ರಲ್ಲಿ ಕುಮಾರ್ ಕಮಲ ಹಿಡಿದೇ ಗೆದ್ದರಲ್ಲ ಅಕ್ಕ. 13,286 ಮತದ ಅಂತರ.

ಸಾಗರದ ಸೊಸೆ:
ಆಗ ಮಧು ಕೈ ಹಿಡಿದಿರಲಿಲ್ಲವಲ್ಲ. ತೆನೆ ಹೊತ್ತ ಮಹಿಳೆ. ಕಾಂಗ್ರೆಸ್ ಬೇರೆಯವರನ್ನು ನಿಲ್ಲಿಸಿ ಮೂರನೇ ಸ್ಥಾನಕ್ಕೆ ಹೋಯಿತು. ಆ ವರ್ಷ ಜಿಲ್ಲೆಯ ಏಳರಲ್ಲಿ ಆರು ಬಿಜೆಪಿಗೆ, ಭದ್ರಾವತಿ ಒಂದು ಬಿಟ್ಟು. ಕುಮಾರ್ ಗೆದ್ದಿದ್ದು ಹೆಸರಿನಿಂದ ಎಷ್ಟು, ಗಾಳಿಯಿಂದ ಎಷ್ಟು?

ವರದಾ ತೀರ:
2013 ಕೂಡ ಹಾಗೇ. ಯಡಿಯೂರಪ್ಪನವರ ಕೆಜೆಪಿ ಬೇರೆ ನಿಂತಿತ್ತು. ಹಾಲಪ್ಪ ಆ ಕಡೆ ಹೋಗಿ ತೆಂಗಿನಕಾಯಿ ಹಿಡಿದರು. ಕಾಂಗ್ರೆಸ್‌ನಿಂದ ಕುಮಾರ್. ಮಧು ಜೆಡಿಎಸ್‌ನಿಂದ 21 ಸಾವಿರದ ಮೇಲೆ ಅಂತರದಲ್ಲಿ ಗೆದ್ದರು, ಕುಮಾರ್ ಮೂರನೇ ಸ್ಥಾನ. ಬಂಗಾರಪ್ಪನವರು ಡಿಸೆಂಬರ್ 2011ರಲ್ಲಿ ತೀರಿಕೊಂಡಿದ್ದರು. ಅವರಿಲ್ಲದ ಮೊದಲ ಚುನಾವಣೆ ಅದು. ಕೊನೆ ದಿನಗಳಲ್ಲಿ ಅಪ್ಪನ ಜೊತೆ ಇದ್ದ ಮಗ ಅನ್ನುವ ಕನಿಕರ ಊರೂರಲ್ಲೂ ಇತ್ತು. ಜೆಡಿಎಸ್‌ಗೆ ಮಲೆನಾಡಿನಲ್ಲಿ ಅಂಥ ಬೇರು ಇರಲಿಲ್ಲ, ಹಾಗಿದ್ದೂ ಗೆದ್ದರು. ಇದು ಹುಡುಗನ ವಾದಕ್ಕೆ ಬಲ ಕೊಡುತ್ತದೆ.

ಅಂಕಿಪ್ರಿಯ:
2023ರದ್ದು ಎಲ್ಲಕ್ಕಿಂತ ದೊಡ್ಡ ತೀರ್ಪು. 2021ರಲ್ಲಿ ಮಧು ಕಾಂಗ್ರೆಸ್ ಸೇರಿದರು. ಮೂರು ಕಡೆಯ ಸ್ಪರ್ಧೆ ನೇರ ಸ್ಪರ್ಧೆ ಆಯಿತು. ಅಂತರ 44,262. ಮಧು ಶಾಲಾ ಶಿಕ್ಷಣ ಮಂತ್ರಿಯೂ ಆದರು. 2018ರಲ್ಲಿ ಅವರಿಗೆ ಬಂದಿದ್ದ ಜೆಡಿಎಸ್ ಮತಕ್ಕೆ ಕಾಂಗ್ರೆಸ್‌ನ 20 ಸಾವಿರಕ್ಕೂ ಮೇಲಿನ ಮತ ಸೇರಿದ್ದರೆ ಆವತ್ತೇ ಗೆಲ್ಲುತ್ತಿದ್ದರು.

ಆನವಟ್ಟಿ ಹುಡುಗ:
ಸರ್... ಕೂಡಿಸುವ ಲೆಕ್ಕ ಕಂಡರೆ ಸಿಟ್ಟು ಬರುತ್ತದೆ ಅಂದಿದ್ದು ಯಾರು? 😀

ಅಂಕಿಪ್ರಿಯ:
ವ್ಯತ್ಯಾಸ ಇದೆ. 2008ರದ್ದು ಆಗದೇ ಉಳಿದ ಒಗ್ಗಟ್ಟು, ಪರೀಕ್ಷೆ ಮಾಡೋಕೆ ದಾರಿಯಿಲ್ಲ. ಇಲ್ಲಿ ಒಬ್ಬರೇ ಮನುಷ್ಯ ತಮ್ಮ ಮತ ತೆಗೆದುಕೊಂಡು ಹೋಗಿ ಇನ್ನೊಂದು ಪಕ್ಷದ ಮತದ ಜೊತೆ ಸೇರಿಸಿದರು. 2023ರಲ್ಲಿ ಅದರ ಫಲಿತಾಂಶವೂ ಬಂತು. ನನ್ನ ನಿಲುವು ಇಷ್ಟೇ: 1994ರವರೆಗೆ ಹೆಸರೊಂದೇ ಸಾಕಿತ್ತು. ಅದು ಎರಡು ಹೋಳಾದ ಮೇಲೆ ಹೆಸರು ಟಿಕೆಟ್‌ಗೆ ಮಾತ್ರ ಸಾಕು, ಗೆಲ್ಲೋಕೆ ಪಕ್ಷ ಬೇಕು.

ಗಲ್ಫ್ ಮಲೆನಾಡಿಗ:
ಇದಕ್ಕೆ ಲೋಕಸಭೆಯೇ ಸಾಕ್ಷಿ. 2014ರಲ್ಲಿ ಬಂಗಾರಪ್ಪನವರ ಮಗಳು ಗೀತಾ ಶಿವರಾಜ್‌ಕುಮಾರ್ ಜೆಡಿಎಸ್‌ನಿಂದ ನಿಂತರು, ಯಡಿಯೂರಪ್ಪ ಎದುರು ಸೋಲು. 2018ರ ಉಪಚುನಾವಣೆ, 2019, ಎರಡರಲ್ಲೂ ಮಧು ಸೋತರು. 2024ರಲ್ಲಿ ಗೀತಾ ಕಾಂಗ್ರೆಸ್‌ನಿಂದ ನಿಂತರು, ಮತ್ತೆ ಸೋಲು. ಬಂಗಾರಪ್ಪ ಅನ್ನುವ ಹೆಸರಿಗೆ ಜೊತೆಗೆ ರಾಜ್‌ಕುಮಾರ್ ಮನೆತನದ ಹೆಸರೂ ಸೇರಿತ್ತು. ಆದರೂ ಆಗಲಿಲ್ಲ.

ಕೊಳಗ:
ಹೋಳಾದ ಮೇಲೆ ಅನ್ನುವುದಕ್ಕಿಂತ, ಗೇಣಿ ಮುಗಿದ ಮೇಲೆ ಅನ್ನಿ. ಡಿಕ್ಲರೇಷನ್ ಕೊಟ್ಟು ಗದ್ದೆ ಪಡೆದವರು ಈಗ ಅಜ್ಜಂದಿರು, ಎಷ್ಟೋ ಜನ ಇಲ್ಲ. ಅವರ ಮೊಮ್ಮಕ್ಕಳಿಗೆ ಗೇಣಿ ಅಂದರೆ ಪಾಠದ ವಿಷಯ. ಅವರ ತಲೆನೋವು ಬೇರೆ. ಅನುಮತಿಯಿಲ್ಲದೆ ಉಳುತ್ತಾ ಬಂದ ಸರ್ಕಾರಿ ಜಮೀನು ಸಕ್ರಮ ಮಾಡಿಕೊಡಿ ಅನ್ನುವ ಬಗರ್‌ಹುಕುಂ ಅರ್ಜಿ, ಫಾರಂ 50 ಆಯಿತು, 53 ಆಯಿತು, 57 ಆಯಿತು, ಹಕ್ಕುಪತ್ರ ಇಲ್ಲ. ಕಾನು, ಸೊಪ್ಪಿನಬೆಟ್ಟ, ಅಂದರೆ ಕಾಡಿನ ಜಾಗ ಅಂತ ದಾಖಲೆಯಲ್ಲಿದ್ದರೆ ಅರಣ್ಯದವರು ಬರುತ್ತಾರೆ. ಶುಂಠಿ ರೇಟು ಬಿದ್ದರೆ ವರ್ಷದ ಗಂಟು ಹೋಯಿತು. ಈ ಯಾವುದಕ್ಕೂ ಅಪ್ಪನ ಹೆಸರು ಉತ್ತರ ಅಲ್ಲ, ಇಬ್ಬರು ಮಕ್ಕಳಿಗೂ ಅದು ಗೊತ್ತು. ಅದಕ್ಕೇ ಭಾಷಣದಲ್ಲಿ ಅಪ್ಪನ ಫೋಟೋ ಹಿಂದೆ, ಹಕ್ಕುಪತ್ರದ ಮಾತು ಮುಂದೆ.

ಜಡೆ ಜಂಕ್ಷನ್:
ಇದು ಸರಿಯಾದ ಮಾತು ಕೊಳಗ ಅಣ್ಣ. ನೀರಿನ ಪಾರ್ಟಿ ಪರವಾಗಿ ಒಂದು ಲೈಕ್.

ಸಾಗರದ ಸೊಸೆ:
ಹೋಬಳಿವಾರು ನೋಡದೆ ಇದು ಇತ್ಯರ್ಥ ಆಗುವುದಿಲ್ಲ. ಚಂದ್ರಗುತ್ತಿ, ಉಳವಿ ಕಡೆ ಒಂದು ರೀತಿ, ಆನವಟ್ಟಿ, ಜಡೆ ಕಡೆ ಲಿಂಗಾಯತ ಮತ ಜಾಸ್ತಿ, ಅಲ್ಲಿ ಬೇರೆ ರೀತಿ ಅಂತ ಎಲ್ಲರೂ ಹೇಳುತ್ತಾರೆ. ಲೆಕ್ಕ ಹಾಕಿದವರು ಯಾರಾದರೂ ಇದ್ದೀರಾ?

ಅಂಕಿಪ್ರಿಯ:
ಇತ್ತೀಚಿನ ಚುನಾವಣೆಗಳ ಫಾರಂ 20 ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ಸಿಗುತ್ತದೆ. ಮತಗಟ್ಟೆವಾರು ಯಾರಿಗೆ ಎಷ್ಟು ಅಂತ ಇರುತ್ತದೆ. 2018 ಮತ್ತು 2023ರದ್ದು ನಾನು ಹೋಬಳಿವಾರು ವಿಂಗಡಿಸಿ ಹಾಕುತ್ತೇನೆ, ಸ್ವಲ್ಪ ಸಮಯ ಕೊಡಿ. ಎರಡು ಚುನಾವಣೆ ನಡುವೆ ಮತಗಟ್ಟೆ ನಂಬರ್ ಬದಲಾಗಿರುತ್ತದೆ, ಅದಕ್ಕೆ ಊರಿನ ಹೆಸರು ನೋಡಿಯೇ ಜೋಡಿಸಬೇಕು. 2004ರದ್ದು ಮರುವಿಂಗಡಣೆಗೆ ಮುಂಚಿನದು, ಅದನ್ನು ಇದರ ಜೊತೆ ಸೇರಿಸಬೇಡಿ, ಗಡಿ ಬೇರೆ.

ಆನವಟ್ಟಿ ಹುಡುಗ:
ಆನವಟ್ಟಿ ಹೋಬಳಿಯ ಊರುಗಳ ಪಟ್ಟಿ ನಾನು ಮಾಡಿಕೊಡುತ್ತೇನೆ ಸರ್. ಕುಪ್ಪಗಡ್ಡೆ, ಉಳವಿ ಕಡೆಯವರು ಇದ್ದರೆ ಕೈ ಎತ್ತಿ.

ಚಂದ್ರಗುತ್ತಿ ಎಕ್ಸ್‌ಪ್ರೆಸ್:
ಕೈ ಎತ್ತಿ ಅಂದರೆ ನಿರ್ವಾಹಕರು ಪಕ್ಷ ಪ್ರಚಾರ ಅಂತಾರೆ 😂 ಚಂದ್ರಗುತ್ತಿ ಹೋಬಳಿ ನಂದು, ಭಾನುವಾರ ಕಳಿಸುತ್ತೇನೆ.